ಬಾಗೇಪಲ್ಲಿ ರಸ್ತೆಯಲ್ಲಿ ನೀರು ಜಾಸ್ತಿಯಾದಾಗ: ಒಂದು ಸೈಕಲ್ ಸವಾರಿಯ ಪ್ರಕರಣ

ಇದು ನನ್ನ ಅತ್ತಿಗೆಯ ಪ್ರಕರಣ. ಅವರ ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೆ ಓದಿ ಹೇಳಿದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಅವರು ನಮ್ಮ ಗುಂಪಿನ ಜೊತೆ ಹೆಬ್ಬಾಳದಿಂದ ಬಾಗೇಪಲ್ಲಿಗೆ ಸೈಕಲ್‌ನಲ್ಲಿ ಹೋಗಿ ಬರಲು ಹೊರಟರು. ಹೋಗಿ ಬರುವುದು ಸೇರಿ ಸುಮಾರು 190 ಕಿಲೋಮೀಟರ್. ವಾಪಸ್ ಬರುವಾಗ ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋಗಬೇಕಾಯಿತು. ತಲೆನೋವು, ವಾಕರಿಕೆ, ಹೊಟ್ಟೆ ಉಬ್ಬರ, ನಿಲ್ಲಲೂ ಆಗದ ಸುಸ್ತು. ಜೊತೆಗಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಬಿಸಿಲು ಹೊಡೆದಿದೆ, ನೀರು ಸಾಕಾಗಿಲ್ಲ. ರಕ್ತಪರೀಕ್ಷೆ ಹೇಳಿದ್ದು ಬೇರೆ. ಅವರ ಮೈಯಲ್ಲಿ ನೀರು ಬೇಕಾದ್ದಕ್ಕಿಂತ ಜಾಸ್ತಿ ಇತ್ತು.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಬೇಸಿಗೆ ಬಂತೆಂದರೆ ಎಲ್ಲ ಸೈಕಲ್ ಗುಂಪುಗಳಲ್ಲೂ 'ನೀರು ಕುಡೀರಿ, ನೀರು ಕುಡೀರಿ' ಎನ್ನುವ ಮಾತು ಓಡಾಡುತ್ತದೆ. ಮಾತು ಒಳ್ಳೆಯದೇ. ಆದರೆ ಆ ನೀರು ಸೈಕಲ್ ಮೇಲೆ ಎಲ್ಲಿದೆ, ಓಡಿಸುತ್ತಲೇ ಕೈಗೆ ಸಿಗುತ್ತದಾ ಎಂದು ಯಾರೂ ಕೇಳುವುದಿಲ್ಲ. ಅತ್ತಿಗೆಯ ತೊಂದರೆ ಶುರುವಾಗಿದ್ದೇ ಅಲ್ಲಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸವಾರರು ಮತ್ತು ಅವರ ಸೈಕಲ್

ಅತ್ತಿಗೆಗೆ 46 ವರ್ಷ. ಶಾಲೆಯಲ್ಲಿ ಗಣಿತ ಪಾಠ ಮಾಡುತ್ತಾರೆ. ಎತ್ತರ ಐದು ಅಡಿ ಒಂದು ಅಂಗುಲ, ತೂಕ 54 ಕೆ.ಜಿ. ಬಿಪಿ, ಶುಗರ್ ಯಾವುದೂ ಇಲ್ಲ. ಹಲವು ವರ್ಷಗಳಿಂದ ಶಾಲೆಗೆ ಸೈಕಲ್‌ನಲ್ಲೇ ಓಡಾಡುತ್ತಾರೆ. ರಜೆಯ ದಿನ ನಂದಿ ಬೆಟ್ಟದ ಬುಡದವರೆಗೆ ಹೋಗಿ ಬರುವುದು ಅವರಿಗೆ ಸಲೀಸು. ವೇಗ ಕಡಿಮೆ, ಆದರೆ ದಿನವಿಡೀ ಅದೇ ವೇಗದಲ್ಲಿ ಹೋಗಬಲ್ಲರು. ಇಂಥ ಸವಾರರನ್ನು ಕಂಡರೆ ನನಗೆ ತುಂಬ ಗೌರವ.

ಅವರದು ಹೈಬ್ರಿಡ್ ಸೈಕಲ್, ಚಿಕ್ಕ ಫ್ರೇಮ್. ಈ ಚಿಕ್ಕ ಫ್ರೇಮ್ ಈ ಕಥೆಯಲ್ಲಿ ಮುಖ್ಯ. ಬಾಟಲಿ ಹೋಲ್ಡರ್ ಕೂರಿಸುವ ಎರಡು ಬೋಲ್ಟ್‌ಗಳ ನಡುವಿನ ಅಂತರ ಹೆಚ್ಚುಕಡಿಮೆ ಎಲ್ಲ ಸೈಕಲ್‌ಗಳಲ್ಲೂ 64 ಮಿಲಿಮೀಟರ್. ಬಾಟಲಿಗಳ ದಪ್ಪವೂ ಸುಮಾರು 73 ಮಿಲಿಮೀಟರ್. ಅಳತೆ ಒಂದೇ ಇದ್ದರೂ ಫ್ರೇಮಿನ ತ್ರಿಕೋನದ ಒಳಗಿನ ಜಾಗ ಒಂದೇ ಅಲ್ಲ. ಎತ್ತರದವರ ಸೈಕಲ್‌ನಲ್ಲಿ 750 ಎಂಎಲ್‌ನ ಎರಡು ಬಾಟಲಿ ಆರಾಮಾಗಿ ಕೂರುತ್ತವೆ. ಚಿಕ್ಕ ಫ್ರೇಮಿನಲ್ಲಿ ಒಂದು ಇನ್ನೊಂದಕ್ಕೆ ತಾಗುತ್ತದೆ. ಬಾಟಲಿಯನ್ನು ಮೇಲಕ್ಕೆಳೆದರೆ ಮೇಲಿನ ಪೈಪ್ ಅಡ್ಡ ಬರುತ್ತದೆ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು, ಕುಳ್ಳಗಿರುವ ಗಂಡಸರು, ಶಾಲೆಯ ಮಕ್ಕಳು ಎಲ್ಲರೂ ಓಡಿಸುವುದು ಇಂಥ ಫ್ರೇಮನ್ನೇ. ಅಂಗಡಿಯಲ್ಲಿ ಸೈಕಲ್ ಕೊಳ್ಳುವಾಗ ಸೀಟಿನ ಎತ್ತರ ಸರಿ ಮಾಡಿ ಕೊಡುತ್ತಾರೆ. ಬಾಟಲಿ ತೆಗೆದು ಇಡಲು ಆಗುತ್ತದಾ ಎಂದು ನೋಡುವವರು ಕಡಿಮೆ.

ಹೀಗಾಗಿ ಅತ್ತಿಗೆಯ ಸೈಕಲ್‌ನಲ್ಲಿದ್ದದ್ದು ಒಂದೇ ಹೋಲ್ಡರ್. ಅದರಲ್ಲಿ ಶಾಲೆಗೆ ಒಯ್ಯುವ ಅರ್ಧ ಲೀಟರಿನ ಸ್ಟೀಲ್ ಬಾಟಲಿ, ತಿರುಗಿಸಿ ತೆಗೆಯುವ ಮುಚ್ಚಳದ್ದು. ಒಂದು ಲೀಟರಿನ ಇನ್ನೊಂದು ಬಾಟಲಿ ಬೆನ್ನಿನ ಬ್ಯಾಗಿನಲ್ಲಿ, ಪಂಕ್ಚರ್ ಸಾಮಾನಿನ ಕೆಳಗೆ. ಲೆಕ್ಕಕ್ಕೆ ಒಂದೂವರೆ ಲೀಟರ್ ನೀರು ಇತ್ತು. ಆದರೆ ಸ್ಟೀಲ್ ಬಾಟಲಿಯ ಮುಚ್ಚಳ ತೆಗೆಯಲು ಎರಡೂ ಕೈ ಬೇಕು. ಬ್ಯಾಗಿನ ಬಾಟಲಿ ಬೇಕೆಂದರೆ ಇಳಿದು, ಬ್ಯಾಗ್ ತೆಗೆದು, ಜಿಪ್ ಎಳೆಯಬೇಕು. ಸೈಕಲ್ ಓಡುತ್ತಿರುವಾಗ ಅವರಿಗೆ ಒಂದು ಗುಟುಕೂ ಸಿಗುವಂತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಹೆಣ್ಣುಮಕ್ಕಳು ಹೆದ್ದಾರಿಯಲ್ಲಿ ಹೋಗುವಾಗ ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಗಂಡಸರು ಎಲ್ಲೋ ಮರೆಯಲ್ಲಿ ನಿಂತು ಮುಗಿಸಿಕೊಂಡು ಬರುತ್ತಾರೆ. ಹೆಂಗಸರಿಗೆ ಬಾಗಿಲಿರುವ, ಚಿಲಕವಿರುವ, ಕಾಲಿಡಬಹುದಾದ ಶೌಚಾಲಯ ಬೇಕು. ಅದು ಎಲ್ಲಿ ಸಿಗುತ್ತದೋ ಗೊತ್ತಿಲ್ಲದಿದ್ದರೆ ಬಾಯಿ ಕಟ್ಟಿಕೊಳ್ಳುವುದೇ ದಾರಿ. ಬಸ್ಸಿನಲ್ಲಿ ಹೋಗುವಾಗಲೂ ಅವರು ಮಾಡುವುದು ಇದನ್ನೇ, ಅಲ್ವಾ? ಅತ್ತಿಗೆ ಇದನ್ನು ಆಮೇಲೆ, ಅದೂ ನಾನು ಕೇಳಿದ ಮೇಲೆ ಹೇಳಿದರು. ನಾವು ಹೊರಡುವ ಮುಂಚೆ ಗಾಳಿ, ಬ್ರೇಕ್, ಲೈಟ್, ಹೆಲ್ಮೆಟ್ ಎಲ್ಲ ಮಾತಾಡಿಕೊಂಡಿದ್ದೆವು. ಶೌಚಾಲಯದ ಮಾತು ಬಂದಿರಲಿಲ್ಲ.

ಆ ದಿನ ಕುಡಿದ ಲೆಕ್ಕ

ಹೊರಟಿದ್ದು ಬೆಳಗ್ಗೆ ಐದೂವರೆಗೆ. ತಂಪು ಗಾಳಿ. ದೇವನಹಳ್ಳಿ ದಾಟುವವರೆಗೆ ಅತ್ತಿಗೆ ಒಂದು ಹನಿಯೂ ಕುಡಿಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದು ಒಂದೂವರೆ ಲೋಟ ನೀರು, ಅರ್ಧ ಕಾಫಿ. ಅಲ್ಲಿಂದ ಪೇರೇಸಂದ್ರದ ಮೇಲೆ ಬಾಗೇಪಲ್ಲಿಗೆ ಹೋಗುವಾಗ ಹೊತ್ತು ಏರಿತು. ಆ ರಸ್ತೆ ನೋಡಿದವರಿಗೆ ಗೊತ್ತು, ಎರಡೂ ಕಡೆ ಬೋಳು ಬಂಡೆಯ ಗುಡ್ಡಗಳು, ಅಗಲವಾದ ಹೆದ್ದಾರಿ, ನೆರಳು ಕಡಿಮೆ. ಸ್ಟೀಲ್ ಬಾಟಲಿ ಖಾಲಿಯಾಗಿದ್ದು ಒಂದು ಪಂಕ್ಚರ್ ಹಾಕಲು ಎಲ್ಲರೂ ನಿಂತಾಗ. ಬಾಗೇಪಲ್ಲಿ ಮುಟ್ಟಿದಾಗ ಹನ್ನೊಂದು ಗಂಟೆ. ಅಷ್ಟು ಹೊತ್ತಿಗೆ ಅವರ ಹೊಟ್ಟೆ ಸೇರಿದ್ದು ಎಲ್ಲ ಸೇರಿ ಒಂದು ಲೀಟರ್ ಇರಬಹುದು.

ಬಾಯಿ ಒಣಗಿತ್ತು, ತಲೆ ಸ್ವಲ್ಪ ಭಾರ. ಅಲ್ಲಿ ಒಂದು ಲೀಟರಿನ ತಣ್ಣನೆಯ ಬಾಟಲಿ ಕೊಂಡು ಒಂದೇ ಉಸಿರಿಗೆ ಅನ್ನುವಷ್ಟು ಬೇಗ ಮುಗಿಸಿದರು. ಹತ್ತು ನಿಮಿಷ ಬಿಟ್ಟು ಇನ್ನರ್ಧ. ಇಲ್ಲಿಂದ ಮುಂದೆ ಎಲ್ಲ ತಿರುಗುಮುರುಗಾಯಿತು. ವಾಪಸ್ ಹೊರಟ ಮೇಲೆ ನಿಂತಲ್ಲೆಲ್ಲ ಗುಂಪಿನವರು 'ಅಕ್ಕ, ನೀರು ಕುಡೀರಿ' ಎಂದು ಬಾಟಲಿ ಚಾಚಿದರು. ಕುಡಿದರು. ಒಂದು ಕಡೆ ಎಳನೀರು. ಇನ್ನೊಂದು ಕಡೆ ಮತ್ತೆ ಮುಕ್ಕಾಲು ಲೀಟರ್. ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿದೆ ಎಂದರು. ಅನ್ನ ಬೇಡವೆಂದು ಊಟ ಬಿಟ್ಟರು. ವಾಕರಿಕೆ ಬಂತು. ವಾಕರಿಕೆ ಬಂದಿದ್ದು ನೀರಿನ ಕೊರತೆಗೇ ಎಂದುಕೊಂಡು ಮತ್ತೊಂದು ಬಾಟಲಿ ತಂದುಕೊಟ್ಟರು. ಅದನ್ನೂ ಕುಡಿದರು. ಹನ್ನೊಂದರಿಂದ ಎರಡೂವರೆಯ ಒಳಗೆ ಸುಮಾರು ನಾಲ್ಕೂವರೆ ಲೀಟರ್. ಉಪ್ಪಿನಂಶವಿದ್ದ ತಿನಿಸು ಆ ಹೊತ್ತಿನಲ್ಲಿ ಹೊಟ್ಟೆ ಸೇರಿದ್ದು ಬಹಳ ಕಡಿಮೆ.

ಈ ಹೊತ್ತಿನಲ್ಲಿ ಎರಡು ಗುರುತುಗಳು ಕಂಡಿದ್ದವು. ಒಂದು, ಅವರ ಕೈಗಡಿಯಾರದ ಪಟ್ಟಿ ಬಿಗಿಯಾಗಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಇನ್ನೊಂದು, ಉಂಗುರ ತಿರುಗುತ್ತಿರಲಿಲ್ಲ. ಬಿಸಿಲಿಗೆ ಕೈ ಊದಿದೆ ಎಂದು ಅವರೇ ಹೇಳಿಕೊಂಡರು. ಬಿಸಿಲಲ್ಲಿ ಹ್ಯಾಂಡಲ್ ಹಿಡಿದು ಕೈ ಸ್ವಲ್ಪ ಊದುವುದು ಉಂಟು. ಆದರೆ ಊತ, ವಾಕರಿಕೆ, ತಲೆನೋವು ಒಟ್ಟಿಗೆ ಬಂದರೆ, ಅದೂ ಲೀಟರುಗಟ್ಟಲೆ ನೀರು ಕುಡಿದ ಮೇಲೆ, ಅದರ ಅರ್ಥವೇ ಬೇರೆ.

ಚಿಕ್ಕಬಳ್ಳಾಪುರ ಸಮೀಪಿಸುವಾಗ ಅವರು ಸೈಕಲ್ ನಿಲ್ಲಿಸಿ ರಸ್ತೆ ಪಕ್ಕ ಕುಳಿತರು. ಮಾತಾಡಿಸಿದರೆ ಉತ್ತರ ನಿಧಾನ. ಗಣಿತದ ಮೇಷ್ಟ್ರಮ್ಮ, ಉಳಿದ ದೂರ ಎಷ್ಟು ಎಂದರೆ ತಡವರಿಸಿದರು. ಕೂಡಲೇ ಒಂದು ಗೂಡ್ಸ್ ಆಟೋ ನಿಲ್ಲಿಸಿ ಸೈಕಲ್ ಸಮೇತ ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು.

ಡಾಕ್ಟರು ಗ್ಲೂಕೋಸ್ ಹಾಕಲಿಲ್ಲ

ಅಲ್ಲಿ ಡ್ಯೂಟಿಯಲ್ಲಿದ್ದವರು ವಯಸ್ಸಾದ ಡಾಕ್ಟರು. ನಮ್ಮಲ್ಲಿ ಒಬ್ಬರು ಒಳಗೆ ಹೋಗುತ್ತಲೇ 'ಒಂದು ಬಾಟ್ಲು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ, ಡೀಹೈಡ್ರೇಶನ್ ಆಗಿದೆ' ಎಂದರು. ಡಾಕ್ಟರು ಆ ಮಾತಿಗೆ ಉತ್ತರ ಕೊಡದೆ ಅತ್ತಿಗೆಯನ್ನು ಕೇಳತೊಡಗಿದರು.

'ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದ್ರಮ್ಮ?'

'ಬಾಗೇಪಲ್ಲೀಲಿ ಒಂದ್ಸಲ ಡಾಕ್ಟ್ರೇ.'

'ನೀರು ಎಷ್ಟು ಕುಡಿದಿರಿ?'

ಲೆಕ್ಕ ಹೇಳಿದರು. ನೋವಿನ ಮಾತ್ರೆ ಏನಾದರೂ ತಗೊಂಡ್ರಾ ಎಂದೂ ಕೇಳಿದರು. ತೆಗೆದುಕೊಂಡಿರಲಿಲ್ಲ. ಐಬುಪ್ರೊಫೇನ್ ತರಹದ ನೋವಿನ ಮಾತ್ರೆಗಳು ಮೂತ್ರಪಿಂಡ ನೀರು ಹೊರಹಾಕುವುದಕ್ಕೆ ಅಡ್ಡಿ ಮಾಡುತ್ತವೆ. ಅದಕ್ಕೇ ಆ ಪ್ರಶ್ನೆ. ನಾಲಿಗೆ ನೋಡಿದರು. ಒದ್ದೆಯಾಗಿತ್ತು. ಬೆರಳು ಒತ್ತಿ ಊತ ನೋಡಿದರು. ಬಿಪಿ, ನಾಡಿ, ಜ್ವರ ನೋಡಿದರು. ಮೈ ಅಷ್ಟೇನೂ ಬಿಸಿ ಇರಲಿಲ್ಲ, ಅಂದರೆ ಬಿಸಿಲ ಹೊಡೆತದ ಅನುಮಾನ ಕಡಿಮೆಯಾಯಿತು. ತೂಕ ಹಾಕಿಸಿದರು: 55.3 ಕೆ.ಜಿ. ಬೆಳಗ್ಗೆ ಮನೆಯಲ್ಲಿ 54.2 ಇತ್ತು. ಎರಡು ತಕ್ಕಡಿಗಳ ನಡುವೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದರೂ ಒಂಬತ್ತು ಗಂಟೆ ಬಿಸಿಲಲ್ಲಿ ಸೈಕಲ್ ತುಳಿದವರ ತೂಕ ಇಳಿಯಬೇಕು, ಏರಬಾರದು.

'ಇವರಿಗೆ ನೀರು ಕಮ್ಮಿ ಆಗಿಲ್ಲ ಕಣಪ್ಪ, ಜಾಸ್ತಿ ಆಗಿದೆ' ಎಂದರು ಡಾಕ್ಟರು.

ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಮುಖ್ಯ ಅಂಶ, ಎಷ್ಟಿದೆ ಎಂದು ನೋಡಲು ಕಳಿಸಿದರು. ಬಂದಿದ್ದು 130. ಆರೋಗ್ಯವಂತರಲ್ಲಿ ಅದು 135ರಿಂದ 145ರ ನಡುವೆ ಇರುತ್ತದೆ. ಲೀಟರಿಗೆ ಮಿಲಿಮೋಲ್ ಎನ್ನುವುದು ಅಳತೆ. ಈ ಸ್ಥಿತಿಗೆ ಹೈಪೊನಾಟ್ರೀಮಿಯಾ ಎನ್ನುತ್ತಾರೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ತೆಳುವಾಗಿದೆ ಎಂದಷ್ಟೇ ಅದರ ಅರ್ಥ.

ಗ್ಲೂಕೋಸ್ ಬಾಟಲಿ ಹಾಕದಿದ್ದುದು ಈ ಪ್ರಕರಣದ ಅತಿ ಮುಖ್ಯವಾದ ತೀರ್ಮಾನ ಎಂದು ನಾನು ಭಾವಿಸುತ್ತೇನೆ. ನಾವು ಗ್ಲೂಕೋಸ್ ಎನ್ನುವ ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಲ್ಲಿ ಉಪ್ಪು ಇರುವುದಿಲ್ಲ. ಅದರ ಸಕ್ಕರೆ ಮೈಯಲ್ಲಿ ಕರಗಿ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಆಗಲೇ ತೆಳುವಾದ ರಕ್ತಕ್ಕೆ ಮತ್ತೆ ನೀರು ಸೇರಿಸಿದ ಹಾಗೆ. ನಮ್ಮ ಊರುಗಳಲ್ಲಿ ಸುಸ್ತು ಎಂದ ಕೂಡಲೇ ಡ್ರಿಪ್ ಹಾಕಿಸಿಕೊಳ್ಳುವ ಅಭ್ಯಾಸ ಬಲವಾಗಿದೆ. ರೋಗಿಯ ಕಡೆಯವರೇ ಒತ್ತಾಯ ಮಾಡುತ್ತಾರೆ. ಆ ಒತ್ತಾಯಕ್ಕೆ ಮಣಿಯದ ಡಾಕ್ಟರು ಸಿಕ್ಕಿದ್ದು ಅತ್ತಿಗೆಯ ಪುಣ್ಯ.

ಡಾಕ್ಟರು ಮಾಡಿದ್ದು ಇಷ್ಟು. ನೀರು ಪೂರ್ತಿ ನಿಲ್ಲಿಸಿದರು. ಪಕ್ಕದ ಹೋಟೆಲಿನಿಂದ ಅರ್ಧ ಲೋಟ ತಿಳಿಸಾರು ತರಿಸಿ, ಅದಕ್ಕೆ ಇನ್ನಷ್ಟು ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದರು. ಮಲಗಿಸಿ ಕಾದರು. ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಆಂಬುಲೆನ್ಸ್‌ಗೂ ಹೇಳಿಟ್ಟರು. ಅಂಥ ಹೊತ್ತಿನಲ್ಲಿ ಮೂರು ಪರ್ಸೆಂಟ್ ಉಪ್ಪಿನ ದ್ರಾವಣವನ್ನು 100 ಎಂಎಲ್ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಆಸ್ಪತ್ರೆಯಲ್ಲಿ ಮಾಡುವ ಕೆಲಸ, ರಸ್ತೆ ಬದಿಯಲ್ಲಲ್ಲ.

ಅತ್ತಿಗೆಗೆ ಅದು ಬೇಕಾಗಲಿಲ್ಲ. ಸಂಜೆ ಐದರ ಮೇಲೆ ಮೂತ್ರ ಧಾರಾಳವಾಗಿ ಹೋಗತೊಡಗಿತು. ತಲೆನೋವು ಇಳಿಯಿತು. ಹಸಿವಾಯಿತು. ರಾತ್ರಿ ಮತ್ತೆ ನೋಡಿದಾಗ ಸೋಡಿಯಂ 134ಕ್ಕೆ ಏರಿತ್ತು. ಕಾರಿನಲ್ಲಿ ಮನೆಗೆ ಬಂದರು. ಮರುದಿನ ಬೆಳಗ್ಗೆ ಮನೆಯ ತಕ್ಕಡಿಯಲ್ಲಿ 53.8.

ಹಾಗಾದರೆ ಆಗಿದ್ದೇನು?

ಬೆವರಿನಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣ. ಲೀಟರ್ ಬೆವರಿನಲ್ಲಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂವರೆಗೂ ಸೋಡಿಯಂ ಹೋಗಬಹುದು. ಹೆಲ್ಮೆಟ್ಟಿನ ಪಟ್ಟಿಯಲ್ಲಿ, ಕಪ್ಪು ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆ ಮೂಡುವವರು ಉಪ್ಪು ಜಾಸ್ತಿ ಕಳೆದುಕೊಳ್ಳುವವರು. ಆದರೆ ಅತ್ತಿಗೆಯ ಪ್ರಕರಣದಲ್ಲಿ ಉಪ್ಪು ಹೋದದ್ದಕ್ಕಿಂತ ನೀರು ಸೇರಿದ್ದೇ ದೊಡ್ಡ ಕಾರಣ. ಲೆಕ್ಕ ನೋಡಿ. ತಂಪು ಹೊತ್ತಿನಲ್ಲಿ ಅವರ ಬೆವರು ಗಂಟೆಗೆ ಮುನ್ನೂರು ಎಂಎಲ್ ಆಸುಪಾಸು, ಬಿಸಿಲಲ್ಲಿ ಆರುನೂರರ ಆಸುಪಾಸು. ಇದನ್ನು ಆಮೇಲೆ ಅಳೆದು ನೋಡಿದೆವು. ಒಂಬತ್ತು ಗಂಟೆಗೆ ಹೋದದ್ದು ಸುಮಾರು ನಾಲ್ಕು ಲೀಟರ್. ಕುಡಿದದ್ದು ಐದೂವರೆ. ಅದರಲ್ಲೂ ನಾಲ್ಕೂವರೆ ಬಂದದ್ದು ಕೊನೆಯ ಮೂರೂವರೆ ಗಂಟೆಯಲ್ಲಿ.

ಮನೆಯಲ್ಲಿ ಸುಮ್ನೆ ಕೂತವರು ಇಷ್ಟು ಕುಡಿದರೆ ಮೂತ್ರಪಿಂಡ ಗಂಟೆಗೆ ಮುಕ್ಕಾಲು ಲೀಟರ್ ಮೇಲೆಯೇ ಹೊರಹಾಕಿಬಿಡುತ್ತದೆ. ಗಂಟೆಗಟ್ಟಲೆ ಮೈ ದಣಿದಾಗ ಹಾಗಲ್ಲ. ದಣಿವು, ಬಿಸಿಲು, ವಾಕರಿಕೆ ಇದ್ದಾಗ ನೀರು ಹಿಡಿದಿಡುವ ಹಾರ್ಮೋನ್ ಮೈಯಲ್ಲಿ ಏರುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಕುಡಿದದ್ದು ಒಳಗೇ ಉಳಿಯುತ್ತದೆ. ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ. ಬೆರಳಿನಲ್ಲಿ ಆದರೆ ಉಂಗುರ ಬಿಗಿಯಾಗುತ್ತದೆ. ಮೆದುಳಿಗೆ ಮಾತ್ರ ಊದಲು ಜಾಗವಿಲ್ಲ, ಸುತ್ತ ತಲೆಬುರುಡೆ ಇದೆ. ತಲೆನೋವು, ಗೊಂದಲ, ಫಿಟ್ಸ್ ಬರುವುದು ಹೀಗೆ.

ಇದು ಅಪರೂಪದ ಕಾಯಿಲೆ ಎಂದು ಪಕ್ಕಕ್ಕಿಡುವ ಹಾಗಿಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ 13 ಪರ್ಸೆಂಟ್ ಜನರಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು. ಮೂವರಲ್ಲಿ 120ರ ಮಟ್ಟಕ್ಕೆ ಇಳಿದಿತ್ತು. ಅದೇ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದೇ ಕಾರಣಕ್ಕೆ ತೀರಿಕೊಂಡರು. ಆ ಅಧ್ಯಯನ 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಯಾರಿಗೆ ಈ ತೊಂದರೆ ಬರುತ್ತದೆ ಎನ್ನುವುದಕ್ಕೆ ಅದರಲ್ಲಿ ಸಿಕ್ಕ ದೊಡ್ಡ ಸುಳಿವು, ಓಟದ ಹೊತ್ತಿನಲ್ಲಿ ತೂಕ ಏರಿದ್ದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಧಾನವಾಗಿ ಓಡಿದವರು, ಮೈ ತೀರಾ ಸಣ್ಣ ಅಥವಾ ತೀರಾ ದಪ್ಪ ಇರುವವರು ಹೆಚ್ಚು ಸಿಕ್ಕಿಬಿದ್ದರು. ಅತ್ತಿಗೆ ಸಣ್ಣ ಮೈಯವರು, ನಿಧಾನ ಸವಾರರು, ಇಡೀ ದಿನದ ಸವಾರಿ.

'ಬಾಯಾರಿಕೆ ಆಗೋಕೆ ಮುಂಚೆನೇ ಕುಡಿ' ಎನ್ನುವ ಬುದ್ಧಿಮಾತಿಗೂ ಒಂದು ಇತಿಹಾಸವಿದೆ. 1960ರ ದಶಕದಲ್ಲಿ ಟೂರ್ ಡಿ ಫ್ರಾನ್ಸ್ ಸವಾರರಿಗೆ ಸುಡುವ ಬಿಸಿಲಲ್ಲೂ ದಿನಕ್ಕೆ ನಾಲ್ಕು ಬಾಟಲಿ ನೀರು ಎಂಬ ಮಿತಿ ಇತ್ತು. ದಾರಿಯ ಹೋಟೆಲುಗಳಿಗೆ ನುಗ್ಗಿ ಸಿಕ್ಕಿದ್ದು ಎತ್ತಿಕೊಂಡು ಬರುತ್ತಿದ್ದರು. ಆಮೇಲೆ ಅದು ತಪ್ಪೆಂದು ಗೊತ್ತಾಗಿ ಇನ್ನೊಂದು ತುದಿಗೆ ಹೋದರು. 1996ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಟ್ಟ ಸಲಹೆಯಲ್ಲಿ, ಬೆವರಿದಷ್ಟೂ ಕುಡಿಯಿರಿ ಅಥವಾ ಹೊಟ್ಟೆ ತಡೆದುಕೊಳ್ಳುವಷ್ಟು ಕುಡಿಯಿರಿ ಎಂದಿತ್ತು. 2007ರಲ್ಲಿ ಅವರೇ ಅದನ್ನು ತಿದ್ದಿ, ಮೈತೂಕ ಎರಡು ಪರ್ಸೆಂಟಿಗಿಂತ ಹೆಚ್ಚು ಇಳಿಯದಂತೆ, ಹಾಗೆಯೇ ಅತಿಯಾಗಿ ಕುಡಿಯದಂತೆ ನೋಡಿಕೊಳ್ಳಿ ಎಂದರು. 2015ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಸೇರಿದ ತಜ್ಞರು ಇನ್ನೂ ಸರಳ ಮಾಡಿದರು: ಬಾಯಾರಿಕೆ ಆದಾಗ ಕುಡಿಯಿರಿ. ಹಳೆಯ ಸಲಹೆ ಮಾತ್ರ ಇವತ್ತಿಗೂ ನಮ್ಮ ಗುಂಪುಗಳಲ್ಲಿ ಹರಿದಾಡುತ್ತಿದೆ.

ಇದನ್ನು ಓದಿ ಯಾರೂ ನೀರು ಬಿಡಬೇಡಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಒಂದು ಬಾಟಲಿ ಇಟ್ಟುಕೊಂಡು ಜೋರಾಗಿ ತುಳಿಯುವವರಿಗೆ ನೀರಿನ ಕೊರತೆಯೇ ನಿಜವಾದ ಅಪಾಯ. ಬೆವರು ಜಾಸ್ತಿ ಇರುವ ದೊಡ್ಡ ಮೈಯವರು ಗಂಟೆಗೆ ಒಂದು ಲೀಟರ್ ಮೇಲೆಯೂ ಕಳೆದುಕೊಳ್ಳುತ್ತಾರೆ. ಅವರಿಗೂ ಅತ್ತಿಗೆಗೂ ಒಂದೇ ಅಳತೆ ಹೇಳುವುದೇ ತಪ್ಪು. ಕಷ್ಟ ಏನೆಂದರೆ, ನೀರು ಕಡಿಮೆಯಾದರೂ ತಲೆನೋವು, ಸುಸ್ತು, ವಾಕರಿಕೆ. ಜಾಸ್ತಿಯಾದರೂ ಅದೇ. ರಸ್ತೆ ಬದಿಯಲ್ಲಿ ಬೇರೆ ಮಾಡಿ ಗುರುತಿಸಲು ಇರುವುದು ಕೆಲವೇ ದಾರಿ. ಬೆಳಗ್ಗೆಯಿಂದ ಎಷ್ಟು ಕುಡಿದರು? ಬಾಯಿ ಒಣಗಿದೆಯಾ, ನೀರು ಬೇಕೆನ್ನಿಸುತ್ತಿದೆಯಾ? ಹೊಟ್ಟೆ ತುಂಬಿ ಕುಲುಕುತ್ತಿದೆಯಾ? ಉಂಗುರ ಬಿಗಿಯಾಗಿದೆಯಾ? ನೀರು ಕಡಿಮೆಯಾದವರು ಎದ್ದು ನಿಂತರೆ ತಲೆ ಸುತ್ತುತ್ತದೆ, ಬಾಯಿ ಒಣಗಿರುತ್ತದೆ, ನೀರು ಕೊಟ್ಟರೆ ಆಸೆಯಿಂದ ಕುಡಿಯುತ್ತಾರೆ. ಅತ್ತಿಗೆಗೆ ಮಧ್ಯಾಹ್ನದ ಮೇಲೆ ನೀರು ಕಂಡರೆ ಬೇಡವೆನ್ನಿಸುತ್ತಿತ್ತಂತೆ. ಮೈ ಸರಿಯಾಗಿಯೇ ಹೇಳುತ್ತಿತ್ತು.

ಎಳನೀರಿನ ಬಗ್ಗೆ ಒಂದು ಮಾತು. ಅದು ಒಳ್ಳೆಯದು, ರುಚಿ, ಹೊಟ್ಟೆಗೆ ಹಗುರ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರು ಕುಡಿದೆ, ಉಪ್ಪಿನ ಲೆಕ್ಕ ಮುಗಿಯಿತು ಎಂದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಸೋಡಿಯಂ ಲೆಕ್ಕದಲ್ಲಿ ಲೀಟರಿಗೆ 75 ಮಿಲಿಮೋಲ್. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ಗಳಲ್ಲಿ ಇದಕ್ಕಿಂತ ತುಂಬ ಕಡಿಮೆ. ರಕ್ತದಲ್ಲಿ 140ರ ಹತ್ತಿರ. ಅಂದರೆ ಓಆರ್‌ಎಸ್ ಕೂಡ ರಕ್ತಕ್ಕಿಂತ ತೆಳುವೇ. ಅದನ್ನೂ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ಷಣೆ ಸಿಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯಾ ನೋಡಿ. ಓಆರ್‌ಎಸ್ ಎಂಬ ಹೆಸರಿಟ್ಟುಕೊಂಡು ಸಿಹಿ ಪಾನೀಯ ಮಾರುವುದು ಎಷ್ಟು ಹಬ್ಬಿತ್ತೆಂದರೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಲು ಆದೇಶ ಹೊರಡಿಸಬೇಕಾಯಿತು.

ಬಾಟಲಿಯ ಜಾಗ ಬದಲಾಯಿತು

ಅತ್ತಿಗೆ ಸರಿಹೋದ ಮೇಲೆ ಮೊದಲು ಮಾಡಿದ್ದು ಬೆವರಿನ ಅಳತೆ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿ. ಒಂದು ಗಂಟೆ ಸೈಕಲ್ ತುಳಿಯಿರಿ. ಕುಡಿದ ನೀರನ್ನು ಅಳೆದಿಡಿ. ಬಂದು, ಮೈ ಒರೆಸಿಕೊಂಡು, ಮತ್ತೆ ತೂಕ ನೋಡಿ. ಇಳಿದ ತೂಕಕ್ಕೆ ಕುಡಿದ ನೀರು ಸೇರಿಸಿದರೆ ಆ ಗಂಟೆಯ ಬೆವರು. ಅತ್ತಿಗೆ ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ 300 ಎಂಎಲ್ ಕುಡಿದು ಹೋಗಿ ಬಂದಾಗ ತೂಕ 300 ಗ್ರಾಂ ಇಳಿದಿತ್ತು. ಅಂದರೆ ಗಂಟೆಗೆ 600. ನಸುಕಿನಲ್ಲಿ ಅದರ ಅರ್ಧ. ಗಣಿತದವರಿಗೆ ಇದು ಹಿಡಿಸಿತು. ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಒಂದು ಸಣ್ಣ ಪಟ್ಟಿಯನ್ನೇ ಮಾಡಿಟ್ಟುಕೊಂಡರು.

ಆಮೇಲೆ ಸೈಕಲ್. ಸ್ಟೀಲ್ ಬಾಟಲಿ ಶಾಲೆಗೆ ವಾಪಸ್ ಹೋಯಿತು. ಅದರ ಜಾಗಕ್ಕೆ ಹಿಂಡಿದರೆ ನೀರು ಬರುವ, ಹಲ್ಲಿನಿಂದ ಎಳೆದು ತೆರೆಯುವ ಪ್ಲಾಸ್ಟಿಕ್ ಬಾಟಲಿ, 550 ಎಂಎಲ್‌ನದು. ಹೋಲ್ಡರ್ ಕೂಡ ಬದಲಾಯಿತು. ಬಾಟಲಿಯನ್ನು ಮೇಲಕ್ಕೆಳೆಯದೆ ಪಕ್ಕದಿಂದ ತೆಗೆಯುವ ಹೋಲ್ಡರ್ ಸಿಗುತ್ತದೆ. ಎಡಗೈಯವರಿಗೆ, ಬಲಗೈಯವರಿಗೆ ಬೇರೆ ಬೇರೆ. ಅದನ್ನು ಹಾಕಿದ ಮೇಲೆ ಚಿಕ್ಕ ಫ್ರೇಮಿನಲ್ಲೂ ಎರಡು ಬಾಟಲಿ ಕೂತವು. ಮೂರನೆಯದಕ್ಕೆ ಹ್ಯಾಂಡಲ್ ಮತ್ತು ಅದರ ಕಾಂಡ (ಹ್ಯಾಂಡಲನ್ನು ಸೈಕಲ್‌ಗೆ ಸೇರಿಸುವ ತುಂಡು) ಸೇರುವ ಮೂಲೆಯಲ್ಲಿ ಬಟ್ಟೆಯ ಉದ್ದ ಚೀಲ. ಮೂರರಲ್ಲಿ ಇದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಬಾಟಲಿ ಕಣ್ಣೆದುರೇ ಇರುತ್ತದೆ, ಬಗ್ಗಬೇಕಿಲ್ಲ, ಒಂದು ಕೈ ಸಾಕು. ಒಂದು ಕೈ ಬಿಟ್ಟು ಓಡಿಸುವುದು ಅತ್ತಿಗೆಗೆ ಮೊದಲು ಭಯವಿತ್ತು. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರು. ಈ ಅಭ್ಯಾಸವನ್ನು ಯಾರೂ ಹೇಳಿಕೊಡುವುದಿಲ್ಲ. ಬಾಟಲಿ ತೆಗೆದು ಕುಡಿದು ವಾಪಸ್ ಇಡುವುದು ಗೇರ್ ಬದಲಿಸುವುದರಷ್ಟೇ ಬೇಕಾದ ಕೌಶಲ ಎಂದು ನನಗೆ ಅನ್ನಿಸುತ್ತದೆ.

ಬೆನ್ನಿನ ಬ್ಯಾಗ್ ಹೋಯಿತು. ಅದು ಬೆನ್ನಿಗೆ ಗಾಳಿ ತಾಗದಂತೆ ಮಾಡಿ ಬೆವರು ಹೆಚ್ಚಿಸುತ್ತಿತ್ತು. ಪಂಕ್ಚರ್ ಸಾಮಾನು ಸೀಟಿನ ಕೆಳಗಿನ ಚೀಲಕ್ಕೆ ಬಂತು. ಬಾಟಲಿ ಬಿಸಿಯಾಗದಿರಲು ಅತ್ತಿಗೆ ಹಳೆಯ ಹತ್ತಿ ಕಾಲುಚೀಲವನ್ನು ಒದ್ದೆ ಮಾಡಿ ಬಾಟಲಿಗೆ ತೊಡಿಸುತ್ತಾರೆ. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವ ಹಾಗೆಯೇ ಇದೂ. ಗಾಳಿ ಬೀಸುವಾಗ ಒದ್ದೆ ಬಟ್ಟೆ ಆರುತ್ತಾ ಬಾಟಲಿಯ ಬಿಸಿ ಎಳೆದುಕೊಳ್ಳುತ್ತದೆ.

ಒಂದು ಬಾಟಲಿಯಲ್ಲಿ ಬರೀ ನೀರು. ಇನ್ನೊಂದರಲ್ಲಿ ನಿಂಬೆಹಣ್ಣು, ಎರಡು ಚಮಚ ಸಕ್ಕರೆ, ಕಾಲು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಊಟದ ಹೊತ್ತಿಗೆ ನೀರು ಮಜ್ಜಿಗೆ, ಅದರಲ್ಲೂ ಉಪ್ಪು. ಜೇಬಿನಲ್ಲಿ ಉಪ್ಪು ಹಾಕಿದ ಕಡಲೆಕಾಯಿ ಬೀಜ. ಉಪ್ಪಿನ ಮಾತ್ರೆಗಳ ಗೋಜಿಗೆ ಹೋಗಲಿಲ್ಲ. ಬಿಪಿ ಇರುವವರು ಉಪ್ಪಿನ ವಿಷಯದಲ್ಲಿ ತಮ್ಮ ಡಾಕ್ಟರನ್ನೇ ಕೇಳಬೇಕು.

ದಾರಿಯ ಪಟ್ಟಿಯಲ್ಲಿ ಈಗ ಪೆಟ್ರೋಲ್ ಬಂಕುಗಳು ಬಂದಿವೆ. ಅಲ್ಲಿ ಕುಡಿಯುವ ನೀರು, ಶೌಚಾಲಯ ಬಿಟ್ಟಿಯಾಗಿ ಕೊಡಬೇಕೆಂಬ ನಿಯಮವಿದೆ. ಎಲ್ಲ ಕಡೆ ಪಾಲನೆಯಾಗುತ್ತದೆ ಎಂದು ಹೇಳಲಾರೆ. ಹಾಗಾಗಿ ಗುಂಪಿನ ಹೆಣ್ಣುಮಕ್ಕಳೇ ಹೋಗಿ ನೋಡಿ ಬಂದ ಬಂಕುಗಳನ್ನಷ್ಟೇ ಗುರುತು ಹಾಕಿಕೊಂಡಿದ್ದೇವೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಬಹಳ, ಆದ್ದರಿಂದ ಅವು ಅಲ್ಲಿನವರಿಗೆ ಆಸರೆ. ಕಾಯಿನ್ ಹಾಕಿದರೆ ಬಿಂದಿಗೆ, ಕ್ಯಾನ್ ತುಂಬುವಷ್ಟು ನೀರು ಒಮ್ಮೆಗೇ ಬೀಳುತ್ತದೆ. ಅರ್ಧ ಲೀಟರ್ ಬಾಟಲಿಗೆ ಅಷ್ಟು ನೀರು ಹಾಳು ಮಾಡುವುದು ಸರಿಯಲ್ಲ. ಕ್ಯಾನ್ ತುಂಬಲು ಬಂದವರನ್ನು ಕೇಳಿದರೆ ಖುಷಿಯಿಂದ ಬಗ್ಗಿಸಿ ಕೊಡುತ್ತಾರೆ. ಬಿಸಿಲಲ್ಲಿ ಸೈಕಲ್ ತುಳಿಯುತ್ತಾ ಬಂದವರಿಗೆ ನೀರು ಇಲ್ಲ ಎಂದವರನ್ನು ಆ ಕಡೆ ನಾನು ಕಂಡಿಲ್ಲ.

ಮತ್ತೆ ಅದೇ ದಾರಿ

ಜನವರಿಯಲ್ಲಿ ಅತ್ತಿಗೆ ಬಾಗೇಪಲ್ಲಿಗೆ ಹೋಗಿ ಬಂದರು. ಸಂಜೆ ಹೊತ್ತು ಮುಳುಗುವ ಮುಂಚೆ ಹೆಬ್ಬಾಳ ಮುಟ್ಟಿದರು. ಕುಡಿದದ್ದು ಎಲ್ಲ ಸೇರಿ ಮೂರು ಲೀಟರಿಗೆ ಸ್ವಲ್ಪ ಮೇಲೆ. ಬೆಳಗ್ಗಿನಿಂದಲೇ ಎರಡೆರಡು ಗುಟುಕು, ಬೇಕೆನ್ನಿಸಿದಾಗಲೆಲ್ಲ. ನಿಂತಾಗ ಒಮ್ಮೆಗೇ ಗಟಗಟ ಕುಡಿಯುವ ಅವಸರವೇ ಬರಲಿಲ್ಲ. ಮನೆಗೆ ಬಂದು ನೋಡಿದಾಗ ತೂಕ 700 ಗ್ರಾಂ ಇಳಿದಿತ್ತು. ಅವರ ಮೈಗೆ ಅದು ಒಂದೂಕಾಲು ಪರ್ಸೆಂಟ್ ಆಸುಪಾಸು, ಚಿಂತೆಯಿಲ್ಲದ ಮಟ್ಟ. ಉಂಗುರ ಸಲೀಸಾಗಿ ತಿರುಗುತ್ತಿತ್ತು. ಜನವರಿಯ ಹವೆಯೂ ಸಹಾಯ ಮಾಡಿತು, ಅದನ್ನು ಮರೆಯುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಹೋದಾಗಲೇ ಈ ಏರ್ಪಾಡಿನ ನಿಜವಾದ ಪರೀಕ್ಷೆ.

ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಪೇರೇಸಂದ್ರದಿಂದ ಬಾಗೇಪಲ್ಲಿಯವರೆಗಿನ ದಾರಿಯಲ್ಲಿ ಅತ್ತಿಗೆಗೆ ಒಪ್ಪಿಗೆಯಾಗುವ ಶೌಚಾಲಯ ನಮಗೆ ಇನ್ನೂ ಸಿಕ್ಕಿಲ್ಲ. ಆ ಭಾಗದಲ್ಲಿ ಅವರು ಈಗಲೂ ನೀರು ಕಡಿಮೆ ಮಾಡುತ್ತಾರೆ. ಮುಂದಿನ ತಿಂಗಳು ಗುಂಪಿನ ಇಬ್ಬರು ಹೆಣ್ಣುಮಕ್ಕಳು ಸ್ಕೂಟರಿನಲ್ಲಿ ಹೋಗಿ ಆ ದಾರಿಯ ಬಂಕು, ಹೋಟೆಲುಗಳನ್ನು ಒಂದೊಂದಾಗಿ ನೋಡಿ ಬರುತ್ತಾರೆ. ಗುಡಿಬಂಡೆ ಕಡೆಯಿಂದ ಸುತ್ತಿ ಹೋದರೆ ಅನುಕೂಲವಾಗುತ್ತದಾ ಎನ್ನುವುದನ್ನೂ ಆಗಲೇ ನೋಡುವುದೆಂದು ಮಾತಾಗಿದೆ.